ಭಟ್ಟರ ರ‍್ಯಾಂಚಿಗೆ ಉಪಗ್ರಹದ ಕಣ್ಣು ಬಿದ್ದದ್ದು

ಪುತ್ತೂರಿನ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಬೊಳ್ಳಿಪದವಿನ ಮಹೇಶ್ವರ ಭಟ್ಟರು ಇಬ್ಬರು ದೊಡ್ಡ ಮನುಷ್ಯರ ನಡುವೆ ಸಿಕ್ಕಿಬಿದ್ದರು. ಎಡಕ್ಕೆ ಕೂತವರಿಗೆ ಸುಳ್ಯದ ಕಡೆ ರಬ್ಬರ್ ಎಸ್ಟೇಟು. ಬಲಕ್ಕೆ ಕೂತವರಿಗೆ ಹೋಮ್‌ಸ್ಟೇ. ಇಬ್ಬರೂ ಭಟ್ಟರ ಎಲೆಯ ಮೇಲಿನಿಂದಲೇ ಒಬ್ಬರಿಗೊಬ್ಬರು ಮಾತಾಡಿಕೊಂಡು, ಪಾಯಸ ಬರುವ ಹೊತ್ತಿಗೆ ನಡುವೆ ಒಬ್ಬ ಮನುಷ್ಯನಿದ್ದಾನೆಂದು ಗೊತ್ತಾಗಿ, "ನಿಮ್ಮದೆಂತ?" ಎಂದು ಕೇಳಿದರು.

ಭಟ್ಟರದ್ದು ಎಂತದೂ ಇರಲಿಲ್ಲವೆಂದಲ್ಲ. ಮನೆಯ ಕೆಳಗೆ ಸಣ್ಣದೊಂದು ತೋಟವಿತ್ತು. ಮನೆಯ ಮೇಲೆ ಪದವಿತ್ತು, ಅಂದರೆ ಮುರಕಲ್ಲಿನ ಮೇಲೆ ಮುಳಿಹುಲ್ಲು ಬೆಳೆದ ಬೋಳು ಗುಡ್ಡೆ. ಅದು ಅವರ ಕುಮ್ಕಿ. ಹೆಸರಿಗೆ ಸರಕಾರದ ಜಾಗ, ದನ ಮೇಯಿಸುವ ಹಕ್ಕು ಮಾತ್ರ ಅಜ್ಜನ ಕಾಲದಿಂದ ಭಟ್ಟರ ಮನೆಯದ್ದು. ಒಂಬತ್ತು ಮಲೆನಾಡು ಗಿಡ್ಡ ದನಗಳು ಬೆಳಿಗ್ಗೆ ತಾವಾಗಿ ಅಲ್ಲಿಗೆ ಹೋಗಿ, ಸಂಜೆ ತಾವಾಗಿ ಹಟ್ಟಿಗೆ ಬರುತ್ತಿದ್ದವು. ಅದರಲ್ಲಿ ಯಾರೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಆದರೆ ರಬ್ಬರಿಗೂ ಹೋಮ್‌ಸ್ಟೇಗೂ ನಡುವೆ ಕೂತು "ಗುಡ್ಡೆಯಲ್ಲಿ ನಾಲ್ಕು ದನ ಉಂಟು" ಎನ್ನಲು ಭಟ್ಟರಿಗೆ ನಾಲಿಗೆ ಏಳಲಿಲ್ಲ. ಎಲೆಯ ಮೇಲಿನ ಉಪ್ಪಿನಕಾಯಿಯನ್ನು ನೋಡುತ್ತಾ, "ನಂದು ರ‍್ಯಾಂಚ್" ಎಂದುಬಿಟ್ಟರು.

ಎಡವೂ ಬಲವೂ ಒಟ್ಟಿಗೆ ಭಟ್ಟರ ಕಡೆ ತಿರುಗಿದವು. ಪಾಯಸ ಬಡಿಸುವವನು ಕೂಡ ಒಂದು ಸೌಟು ಹೆಚ್ಚು ಹಾಕಿದ. ಮುಂದೆ ನಡೆದ ಅನಾಹುತಗಳಿಗೆಲ್ಲ ಆ ಒಂದು ಸೌಟು ಪಾಯಸವೇ ಕಾರಣವೆಂದು ಭಟ್ಟರ ಹೆಂಡತಿ ವಸುಮತಿ ಈಗಲೂ ಹೇಳುತ್ತಾರೆ.

ಬಾಯಲ್ಲಿ ಹೇಳಿದ ಮೇಲೆ ಬೋರ್ಡು ಬೇಡವೇ? ಕಡಬದ ಪೇಂಟರಿಗೆ ಆ ಶಬ್ದ ಗೊತ್ತಿರಲಿಲ್ಲ. ಅವನು ತನಗೆ ಗೊತ್ತಿದ್ದಂತೆ 'ಭಟ್ ರೇಂಜ್' ಎಂದು ಹಸಿರು ಬಣ್ಣದಲ್ಲಿ ಚಂದ ಮಾಡಿ ಬರೆದುಕೊಟ್ಟ. ಬೋರ್ಡು ಹಾಕಿದ ಮರುದಿನವೇ ಪಕ್ಕದ ಓಣಿಯ ಝೈನಬ, ಮಂಗಗಳು ತೆಂಗಿನ ಮರದಿಂದ ಬೊಂಡ ಕಿತ್ತು ಹಾಕುವ ಬಗ್ಗೆ ಅರಣ್ಯ ಇಲಾಖೆಗೆ ಬರೆದ ಅರ್ಜಿ ಹಿಡಿದುಕೊಂಡು ಬಂದರು.

"ಝೈನಬಾ, ನಾನು ರೇಂಜರ್ ಅಲ್ಲ ಮಾರಾಯ್ತಿ. ನಾನು ಮಹೇಶ್ವರ."

"ಎಲ್ಲಾ ಆಫೀಸಲ್ಲೂ ಮೊದಲು ಹೀಗೇ ಹೇಳುದು" ಎಂದು ಆಕೆ ಅರ್ಜಿಯನ್ನು ಜಗಲಿಯ ಮೇಲಿಟ್ಟು, ಹಾರದಂತೆ ಅದರ ಮೇಲೊಂದು ಬೊಂಡ ಇಟ್ಟು ಹೋದರು.

ಬೋರ್ಡು ಸರಿಯಾಯಿತು, ಭಟ್ಟರು ಸರಿಯಾಗಲಿಲ್ಲ. ವಿದೇಶದ ರ‍್ಯಾಂಚುಗಳು ಹೇಗೆ ನಡೆಯುತ್ತವೆಂದು ಫೋನಿನಲ್ಲಿ ನೋಡತೊಡಗಿದರು. ಅಲ್ಲಿ ಟೊಪ್ಪಿ ಹಾಕಿದ ಒಬ್ಬ ಮನುಷ್ಯ ಹುಲ್ಲಿನ ಕಡೆಗೂ ನೋಡುವುದಿಲ್ಲ, ದನದ ಕಡೆಗೂ ನೋಡುವುದಿಲ್ಲ. ಬರೀ ಪರದೆ ನೋಡುತ್ತಾನೆ. ಆಕಾಶದಿಂದ ಉಪಗ್ರಹ ಚಿತ್ರ ಕಳಿಸುತ್ತದೆ. ಹಸಿರು ಕಂಡ ಕಡೆ ಹುಲ್ಲುಂಟು, ಕೆಂಪು ಕಂಡ ಕಡೆ ಹುಲ್ಲು ಮುಗಿದಿದೆ. ಅವನು ಬೆರಳು ತೋರಿಸಿದ ಕಡೆಗೆ ಸಾವಿರ ದನಗಳು ನಡೆಯುತ್ತವೆ. ಭಟ್ಟರು ಆ ಬೆರಳನ್ನೇ ಹಲವು ಸಲ ನೋಡಿದರು.

ಅಷ್ಟರಲ್ಲಿ 'ವ್ಯೋಮನೇತ್ರ' ಎಂಬ ಹೊಸ ಯೋಜನೆಯೊಂದು ಬಂದಿತ್ತು. ಫೋನಿನಲ್ಲಿ ನಮ್ಮ ಜಾಗದ ಗಡಿ ಗುರುತಿಸಿ ಕಳಿಸಿದರೆ ಸಾಕು, ಉಪಗ್ರಹ ಅದನ್ನು ನೋಡಿ ಇದು ಯಾವ ಬಗೆಯ ಜಾಗ, ಇಲ್ಲಿ ದನ ಎಲ್ಲಿ ಮೇಯಿಸಬೇಕು ಎಂದು ವರದಿ ಕೊಡುತ್ತದೆ. ಭಟ್ಟರು ಕಳಿಸಿದರು. ಬೊಳ್ಳಿಪದವಿನಲ್ಲಿ ಬೇರೆ ಯಾರೂ ಕಳಿಸಲಿಲ್ಲ. ಭಟ್ಟರು ಸುಮ್ಮನಿದ್ದಿದ್ದರೆ ಆ ಗುಡ್ಡೆಯನ್ನು ಮೇಲಿನಿಂದ ನೋಡುವವರು ಗಿಡುಗ ಬಿಟ್ಟರೆ ಯಾರೂ ಇರಲಿಲ್ಲ.

"ದನ ಎಲ್ಲಿ ಮೇಯುದು ಅಂತ ದನಕ್ಕೆ ಗೊತ್ತಿಲ್ವಾ?" ಎಂದರು ವಸುಮತಿ.

"ಅದು ಹಳೇ ಕ್ರಮ. ಈಗ ವೈಜ್ಞಾನಿಕ."

"ಹಾಲು ಕರೆಯುದೂ ಉಪಗ್ರಹವೇನಾ?"

ವಿಜ್ಞಾನ ಇನ್ನೂ ಅಲ್ಲಿಗೆ ಮುಟ್ಟಿಲ್ಲವೆಂದು ಭಟ್ಟರು ಗಂಭೀರವಾಗಿಯೇ ಹೇಳಿದರು.

ವಾರದೊಳಗೆ ವರದಿ ಬಂತು. ಅದರಲ್ಲಿ ಹೀಗಿತ್ತು: 'ಭೂಬಳಕೆ: ಖಾಲಿ ಜಾಗ. ಜಾನುವಾರು: ಇಲ್ಲ. ಮನುಷ್ಯ ಚಟುವಟಿಕೆ: ಇಲ್ಲ.'

ಭಟ್ಟರು ಅದನ್ನು ಎರಡು ಸಲ ಓದಿ ಗುಡ್ಡೆಗೆ ಹೋಗಿ ದನ ಎಣಿಸಿ ಬಂದರು. ಒಂಬತ್ತೂ ಇದ್ದವು. ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಇದರ ಪ್ರತಿ ಪಂಚಾಯತಿಗೂ ಹೋಗಿದೆ ಎಂದಿತ್ತು. ಆ ಸಾಲನ್ನು ಓದಿ ಮುಗಿಸುವ ಮೊದಲೇ ಪಂಚಾಯತಿಯ ಬಿಳಿ ಜೀಪು ಅಂಗಳಕ್ಕೆ ಬಂದು ನಿಂತಿತು.

ಇಳಿದವರು ಪಂಚಾಯತ್ ಅಭಿವೃದ್ಧಿ ಅಧಿಕಾರಿ ಶೈಲೇಶ್. ಕೈಯಲ್ಲಿ ಒಂದು ಪೊಟ್ಟಣ ಜಿಲೇಬಿ. ಪಾಪದ ಮನುಷ್ಯ, ಕಸದ ಘಟಕಕ್ಕೆಂದು ಜಾಗ ಹುಡುಕಿ ಹುಡುಕಿ ಸೋತಿದ್ದರು. ಯಾವ ವಾರ್ಡಿಗೆ ಹೋದರೂ ಹೆಂಗಸರು ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ನಿಲ್ಲುತ್ತಿದ್ದರು. ಈಗ ಆಕಾಶವೇ ಅವರಿಗೆ ಜಾಗ ತೋರಿಸಿತ್ತು.

"ಭಟ್ರೆ, ನಿಮ್ಮ ಉಪಕಾರ ಮರೆಯುದಿಲ್ಲ. ಜಾಗ ಖಾಲಿ ಉಂಟು ಅಂತ ನೀವೇ ಮುಂದೆ ಬಂದು ಹೇಳಿದ್ದೀರಿ. ಕುಮ್ಕಿ ಹೇಗೂ ಸರಕಾರದ್ದೇ. ತಿಂಗಳೊಳಗೆ ಕಸದ ಘಟಕ ಸುರು ಮಾಡುವ. ಬಾಯಿ ಸಿಹಿ ಮಾಡಿ."

"ಖಾಲಿ ಎಲ್ಲಿ ಸಾರ್? ದನ ಉಂಟಲ್ಲ ಅಲ್ಲಿ!"

ಭಟ್ಟರು ಶೈಲೇಶರ ಕೈ ಹಿಡಿದು ಗುಡ್ಡೆಗೆ ಕರೆದುಕೊಂಡು ಹೋದರು. ಅಲ್ಲಿ ದನಗಳು ಮೇಯುತ್ತಿದ್ದವು. ಕಪ್ಪಿ ಎಂಬ ಹಿರಿಯ ದನ ಹತ್ತಿರ ಬಂದು ಶೈಲೇಶರ ಅಂಗಿಯ ತೋಳನ್ನು ನೆಕ್ಕತೊಡಗಿತು.

"ಇದೆಂತ ಸಾರ್?"

"ದನ" ಎಂದರು ಶೈಲೇಶ್ ತೋಳನ್ನು ಎಳೆದುಕೊಳ್ಳುತ್ತಾ.

"ಕಾಣ್ತದಲ್ಲ?"

"ನನಗೆ ಕಾಣ್ತದೆ ಭಟ್ರೆ. ಆದ್ರೆ ನನಗೆ ಕಾಣುದು ದಾಖಲೆ ಅಲ್ಲ. ಉಪಗ್ರಹಕ್ಕೆ ಕಾಣ್ಬೇಕು. ಅದಕ್ಕೆ ಕಂಡದ್ದು ಮೇಲಿನವರಿಗೆ ಕಾಣ್ತದೆ, ಮೇಲಿನವರಿಗೆ ಕಂಡದ್ದು ನನಗೆ ಬರ್ತದೆ." ಅವರ ದನಿಯಲ್ಲಿ ದುರುದ್ದೇಶವೇನೂ ಇರಲಿಲ್ಲ. ತೋಳು ಒದ್ದೆಯಾಗಿಯೂ ದನ ಇಲ್ಲವೆಂದು ನಂಬುವುದು ಅವರಿಗೇ ಕಷ್ಟವಾಗುತ್ತಿತ್ತು. "ಒಂದು ಕೆಲಸ ಮಾಡಿ. ಅವರಿಗೆ ಫೋನ್ ಮಾಡಿ ದನ ಕಾಣುವ ಹಾಗೆ ಮಾಡಿ. ವರದಿ ಬದಲಾದ್ರೆ ನಾನೂ ಬದಲಾಗ್ತೇನೆ."

ವಸುಮತಿ ಜಿಲೇಬಿಯ ಪೊಟ್ಟಣವನ್ನು ಬಿಚ್ಚದೆ ವಾಪಸು ಜೀಪಿನ ಸೀಟಿನ ಮೇಲಿಟ್ಟರು.

ವ್ಯೋಮನೇತ್ರದ ಸಹಾಯವಾಣಿಯಲ್ಲಿ ಫೋನೆತ್ತಿದವಳು ನಿಶ್ಮಿತಾ ಎಂಬ ಎಂಜಿನಿಯರ್. ನರಿಮೊಗರಿನ ಹುಡುಗಿ. ಊರ ಭಾಷೆ ಕೇಳಿ ಭಟ್ಟರಿಗೆ ಅರ್ಧ ಜೀವ ಬಂತು.

"ಮೇಡಮ್, ನಮ್ಮ ದನ ನಿಮಗೆ ಕಾಣ್ತಿಲ್ಲವಂತೆ."

"ಎಷ್ಟು ಉದ್ದ ಉಂಟು ಸಾರ್?"

"ಯಾವುದು?"

"ದನ."

ಭಟ್ಟರು ಫೋನನ್ನು ಕೆನ್ನೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕಪ್ಪಿಯ ಪಕ್ಕದಲ್ಲಿ ನಿಂತರು. "ಬಾಲ ಸೇರಿಸಿ ಹೇಳುದಾ, ಬಿಟ್ಟು ಹೇಳುದಾ?"

"ಸೇರಿಸಿಯೇ ಹೇಳಿ."

"ಬಾಲ ನೆಟ್ಟಗೆ ಹಿಡಿದ್ರೆ ಎರಡು ಮೀಟರು. ಆದ್ರೆ ಅದು ನೆಟ್ಟಗೆ ಹಿಡಿಲಿಕ್ಕೆ ಬಿಡುದಿಲ್ಲ."

"ಅಲ್ಲೇ ಸಮಸ್ಯೆ ಸಾರ್. ನಮ್ಮ ಉಪಗ್ರಹಕ್ಕೆ ಒಂದು ಚುಕ್ಕಿ ಅಂದ್ರೆ ಹತ್ತು ಮೀಟರು. ಅದಕ್ಕಿಂತ ಸಣ್ಣದು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ."

"ಹತ್ತು ಮೀಟರಿನ ದನ ಎಲ್ಲಿ ಸಿಗ್ತದೆ ಮೇಡಮ್?"

"ವಿದೇಶದ ದನ ದೊಡ್ಡದಿರ್ತದೆ ಸಾರ್."

"ಹತ್ತು ಮೀಟರು?"

ಆಚೆ ಕೀಲಿಮಣೆ ಕುಟ್ಟುವ ಸದ್ದು ಕೇಳಿತು. ಆಮೇಲೆ ನಿಶ್ಮಿತಾ ಹೇಳಿದಳು: "ಅಲ್ಲಿ ಸಾವಿರಗಟ್ಟಲೆ ಒಟ್ಟಿಗೆ ಮೇಯ್ತವೆ ಸಾರ್. ಹಾಗಾಗಿ ಹಿಂಡು ಕಾಣ್ತದೆ. ಐದು ದಿವಸಕ್ಕೊಮ್ಮೆ ಬೆಳಿಗ್ಗೆ ಹತ್ತೂವರೆ ಕಳೆದ ಮೇಲೆ ಉಪಗ್ರಹ ನಿಮ್ಮ ಮೇಲಿಂದ ಹೋಗ್ತದೆ. ಆ ಹೊತ್ತಿಗೆ ಸ್ವಲ್ಪ ಒತ್ತೊತ್ತಾಗಿ ನಿಲ್ಲಲಿಕ್ಕೆ ಹೇಳಿ."

"ಯಾರಿಗೆ?"

"ದನಗಳಿಗೆ."

ಭಟ್ಟರು ಹೇಳಿದರು. ದನಗಳು ಕೇಳಲಿಲ್ಲ. ಆಗ ಗುಡ್ಡೆಗೆ ಹತ್ತುವ ದಾರಿಯಲ್ಲಿ ಮನೆ ಮಾಡಿಕೊಂಡಿದ್ದ ತೀರ್ಥರಾಮ ಗೌಡರು ಸಹಾಯಕ್ಕೆ ಬಂದರು. ಭಟ್ಟರೂ ಗೌಡರೂ ಪ್ರೈಮರಿ ಶಾಲೆಯಲ್ಲಿ ಒಂದೇ ಬೆಂಚು. ಭಟ್ಟರ ದನಗಳು ಗುಡ್ಡೆಗೆ ಹೋಗುತ್ತಿದ್ದದ್ದೂ ಗೌಡರ ಅಂಗಳದ ಮೂಲಕವೇ. ಕಸದ ಘಟಕ ಬಂದರೆ ವಾಸನೆ ಮೊದಲು ಗೌಡರ ಮೂಗಿಗೇ ಬರುವುದಿತ್ತು.

"ಭಟ್ರೆ, ನಿಮ್ಮ ದನವೂ ಕಪ್ಪು-ಕಂದು, ಗುಡ್ಡೆಯ ಮುರಕಲ್ಲೂ ಕಪ್ಪು-ಕಂದು. ಮೇಲಿಂದ ಕಾಣುದು ಹೇಗೆ? ಬಿಳಿ ಎಂತಾದ್ರೂ ಹೊದೆಸುವ" ಎಂದರು ಗೌಡರು.

ಬಿಳಿ ಬಟ್ಟೆಗೆ ಕಡಬದ ಶಾಮಿಯಾನದ ನಿಯಾಝ್ ಬಂದ. ನಿಯಾಝ್ ಇಲ್ಲದೆ ಆ ಕಡೆ ಮದುವೆಯೂ ಇಲ್ಲ, ಉರೂಸೂ ಇಲ್ಲ, ಕಬಡ್ಡಿ ಪಂದ್ಯಾಟವೂ ಇಲ್ಲ. ಉಪಗ್ರಹ ಬರುವ ದಿನ ಬೆಳಿಗ್ಗೆ ಒಂಬತ್ತೂ ದನಗಳನ್ನು ಹೆಗಲಿಗೆ ಹೆಗಲು ತಾಗಿಸಿ ಕಟ್ಟಿ, ಮೇಲಿನಿಂದ ಒಂದೇ ದೊಡ್ಡ ಬಿಳಿ ಶಾಮಿಯಾನ ಹೊದೆಸಿದರು. ಒಂದು ತುದಿ ಭಟ್ಟರು ಹಿಡಿದರು, ಒಂದು ತುದಿ ಗೌಡರು. ಒಳಗಿನಿಂದ ಬರೀ ಉಸಿರು ಕೇಳುತ್ತಿತ್ತು. ಕೆಳಗೆ ರಸ್ತೆಯಲ್ಲಿ ಜನ ತುಂಬಿಕೊಂಡು ಹೋಗುತ್ತಿದ್ದ ಸರ್ವಿಸ್ ಜೀಪು ನಿಂತಿತು.

"ಯಾರ ಮದುವೆ?" ಎಂದು ಡ್ರೈವರ್ ಕೂಗಿದ.

"ಮದುವೆ ಅಲ್ಲ, ಫೋಟೋ ತೆಗೆಯುದು!" ಎಂದ ನಿಯಾಝ್.

"ಫೋಟೋಗ್ರಾಫರ್ ಎಲ್ಲಿ?"

ನಿಯಾಝ್ ಆಕಾಶ ತೋರಿಸಿದ. ಜೀಪಿನಲ್ಲಿದ್ದವರೆಲ್ಲ ಕತ್ತು ಹೊರಗೆ ಹಾಕಿ ಮೇಲೆ ನೋಡುತ್ತಾ ಮುಂದೆ ಹೋದರು.

ವರದಿ ಬಂತು. 'ಭೂಬಳಕೆ: ಹೊಸ ಕಟ್ಟಡ. ಛಾವಣಿ: ಬಿಳಿ.'

ಹಿಂದೆಯೇ ಶೈಲೇಶ್ ಬಂದರು. ಈ ಸಲ ಜಿಲೇಬಿ ಇರಲಿಲ್ಲ, ನೋಟೀಸಿತ್ತು. "ಭಟ್ರೆ, ಪರವಾನಿಗೆ ಇಲ್ಲದೆ ಕುಮ್ಕಿಯಲ್ಲಿ ಕಟ್ಟಡ ಕಟ್ಟಿದ್ದೀರಿ. ಎಲ್ಲಿ ಅದು?"

"ಮೇಯ್ಲಿಕ್ಕೆ ಹೋಗಿದೆ ಸಾರ್."

"ಕಟ್ಟಡ?"

"ಹೌದು. ಸಂಜೆ ಹಾಲು ಕರೆಯುವ ಹೊತ್ತಿಗೆ ಬರ್ತದೆ."

ಶೈಲೇಶ್ ನೋಟೀಸನ್ನೂ ಭಟ್ಟರನ್ನೂ ಬಾರಿ ಬಾರಿ ನೋಡಿ, ಕಟ್ಟಡ ಸ್ಥಳದಲ್ಲಿ ಇಲ್ಲದ ಕಾರಣ ನೋಟೀಸನ್ನು ಅದರ ಮೇಲೆ ಅಂಟಿಸಲಾಗಲಿಲ್ಲ ಎಂದು ಬರೆದುಕೊಂಡು ಹೋದರು.

"ಬಿಳಿ ಆದದ್ದೇ ತಪ್ಪು" ಎಂದ ನಿಯಾಝ್. "ಬಿಳಿ ಕಂಡ್ರೆ ತಾರಸಿ ಅಂತ ಗ್ರಹಿಸ್ತದೆ. ನೀಲಿ ಹಾಕುವ. ನನ್ನತ್ರ ದೊಡ್ಡ ಟರ್ಪಾಲು ಉಂಟು ಭಟ್ರೆ, ನಾಲ್ಕು ಕಬಡ್ಡಿ ಕೋರ್ಟು ಮುಚ್ಚುವಷ್ಟು."

ಶಾಮಿಯಾನವನ್ನು ಸಹಿಸಿಕೊಂಡ ದನಗಳು ಟರ್ಪಾಲನ್ನು ಸಹಿಸಲಿಲ್ಲ. ಅದರ ಪರಪರ ಸದ್ದಿಗೆ ಕಪ್ಪಿ ಹಗ್ಗ ಕಿತ್ತು ಓಡಿತು. ಅದರ ಹಿಂದೆ ಉಳಿದವೂ ಓಡಿದವು. ಅವುಗಳ ಹಿಂದೆ ಭಟ್ಟರು, ಗೌಡರು, ನಿಯಾಝ್ ಓಡಿದರು. ಗಾಳಿಗೆ ಹಾರದಂತೆ ಸುತ್ತ ಕಲ್ಲು ಹೇರಿದ ಟರ್ಪಾಲು ಮಾತ್ರ ಗುಡ್ಡೆಯ ಮೇಲೆ ಚಪ್ಪಟೆಯಾಗಿ ಹರಡಿಕೊಂಡು ಹೊಳೆಯುತ್ತಿದ್ದಾಗ ಉಪಗ್ರಹ ಮೇಲಿನಿಂದ ಸಾಗಿತು.

'ಭೂಬಳಕೆ: ಜಲಮೂಲ. ಕೆರೆ. ನೀರು ನಿರ್ಮಲ.'

ಶೈಲೇಶ್ ಫೋನಿನಲ್ಲಿಯೇ ನಿಟ್ಟುಸಿರು ಬಿಟ್ಟರು. ಕೆರೆಯ ಹತ್ತಿರ ಕಸದ ಘಟಕ ಮಾಡುವ ಹಾಗಿಲ್ಲ. ಯೋಜನೆ ಕೈಬಿಟ್ಟದ್ದಾಯಿತು. ಭಟ್ಟರು ಫೋನಿಟ್ಟು, ಹೆಂಡತಿಯ ಎದುರು ಆ ವಿದೇಶದ ಟೊಪ್ಪಿಯವನಂತೆ ಬೆರಳೆತ್ತಿ, "ನೋಡು, ವಿಜ್ಞಾನ" ಎಂದರು. ಆ ದಿನ ಅವರು ಮಧ್ಯಾಹ್ನ ನಿದ್ದೆಯನ್ನೂ ಮಾಡಿದರು. ಎಚ್ಚರವಾದದ್ದು ಅಂಗಳದಲ್ಲಿ ಇನ್ನೊಂದು ಬಿಳಿ ಜೀಪು ಹಾರ್ನ್ ಮಾಡಿದಾಗ.

ಜೀಪಿನ ತುಂಬ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಚೀಲಗಳ ತುಂಬ ಮೀನುಮರಿ.

"ಮೀನುಗಾರಿಕೆಯವರು. ಹೊಸ ಕೆರೆಗೆ ಮೀನು ಬಿಡ್ಲಿಕ್ಕೆ ಬಂದದ್ದು. ಕೆರೆ ಎಲ್ಲಿ ಅಮ್ಮಾ?"

"ಕೆರೆ ಈಗ ಇಲ್ಲ" ಎಂದರು ವಸುಮತಿ. "ನಿಯಾಝ್ ಮಡಚಿ ಕೊಂಡೋಗಿದ್ದಾನೆ. ನಾಳೆ ಕಾಣಿಯೂರಲ್ಲಿ ಎಂತದೋ ಕಾರ್ಯಕ್ರಮಕ್ಕೆ ಬೇಕಂತೆ."

ಅಧಿಕಾರಿ ಕೆಲಸದ ಮನುಷ್ಯ. ಕೆರೆ ಕಾಣಿಯೂರಿಗೆ ಹೋದದ್ದರ ಬಗ್ಗೆ ಅವರು ವಿಚಾರಣೆ ಮಾಡಲಿಲ್ಲ. ಚೀಲದಲ್ಲಿ ಗಾಳಿ ಸಂಜೆಯವರೆಗೆ ಮಾತ್ರ ಉಂಟು, ಅಷ್ಟರೊಳಗೆ ಮೀನು ಎಲ್ಲಿಯಾದರೂ ಒಂದು ಕಡೆ ಇಳಿಯಬೇಕು, ಯಾರಾದರೂ ಒಬ್ಬರು ಸಹಿ ಹಾಕಬೇಕು ಎಂದರು. "ಬಚ್ಚಲಿನ ಹಂಡೆ ಉಂಟಲ್ಲ ಅಮ್ಮಾ?"

"ನಾನು ಸ್ನಾನ ಮಾಡುವ ಹಂಡೆಯಲ್ಲಿ ಮೀನಾ!" ಎಂದು ವಸುಮತಿ ಹಾಕಿದ ಕೂಗು ಗೌಡರ ಮನೆಯವರೆಗೆ ಕೇಳಿತು. ಗೌಡರು ಓಡಿ ಬಂದು, ತಮ್ಮ ತೋಟದ ಟ್ಯಾಂಕಿಗೆ ಮೀನು ಬಿಡಿಸಿಕೊಂಡು, ಸಹಿ ಹಾಕಿ, ಎಲ್ಲರನ್ನೂ ಬದುಕಿಸಿದರು. ಹೋಗುವಾಗ, "ಇನ್ನು ಮುಂದೆ ಕೆರೆ ಮಾಡುವಾಗ ಮೊದಲೇ ಹೇಳಿ ಭಟ್ರೆ, ಟ್ಯಾಂಕು ತೊಳೆದಿಡ್ತೇನೆ" ಎಂದು ನಕ್ಕರು.

ಆ ನಗು ಎರಡು ದಿನ ಬಾಳಿತು. ಮೂರನೇ ದಿನ ಗೌಡರು ಕೈಯಲ್ಲಿ ಕಾಗದ ಹಿಡಿದು, ಮುಂಡು ಎತ್ತಿ ಕಟ್ಟಿ, ಅಂಗಳಕ್ಕೆ ಬಂದರು. ಮುಖ ಕೆಂಪಾಗಿತ್ತು.

"ಭಟ್ರೆ, ಇದನ್ನೊಮ್ಮೆ ಓದಿ. ಕೆರೆಯ ದಡದಿಂದ ಮೂವತ್ತು ಮೀಟರಿನ ಒಳಗೆ ನನ್ನ ಮನೆ ಉಂಟಂತೆ. ಕೆರೆ ಒತ್ತುವರಿ ಮಾಡಿದ್ದೇನಂತೆ ನಾನು. ಯಾಕೆ ಕೆಡವಬಾರದು ಅಂತ ಉತ್ತರ ಕೊಡ್ಬೇಕಂತೆ!"

"ಗೌಡ್ರೆ, ಅದು ಬರೀ ಕಾಗದ..."

"ನನ್ನ ಅಪ್ಪ ಕಟ್ಟಿದ ಮನೆ ಭಟ್ರೆ! ನಿಮ್ಮ ಟರ್ಪಾಲು ಹುಟ್ಟುವ ಮೊದಲು ಕಟ್ಟಿದ್ದು! ನಿಮಗೆ ರ‍್ಯಾಂಚ್ ಬೇಕಾಯ್ತು. ನನಗೆ ಈಗ ಮನೆ ಇಲ್ಲ. ಇವತ್ತಿಂದ ನನ್ನ ಅಂಗಳದಲ್ಲಿ ನಿಮ್ಮ ದನದ ಗೊರಸು ಬೀಳ್ಬಾರದು."

ಗೌಡರು ಹೇಳಿದ್ದನ್ನು ಮಾಡುವವರು. ಸಂಜೆಯೊಳಗೆ ದಾರಿಗೆ ಅಡ್ಡವಾಗಿ ಬಿದಿರಿನ ಬೇಲಿ ಬಂತು. ಮರುದಿನ ದನಗಳು ಎಂದಿನಂತೆ ಹೊರಟು, ಬೇಲಿಯ ಮುಂದೆ ನಿಂತು, ಏನೋ ತಪ್ಪು ತಿಳುವಳಿಕೆ ಆಗಿರಬೇಕೆಂಬಂತೆ ಕಾದು, ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ವಾಪಸು ಬಂದವು. ವಸುಮತಿ ಕತ್ತಿ ಹಿಡಿದು ತೋಟದ ಬದಿಯಲ್ಲಿ ಹುಲ್ಲು ಹೆರೆದು ತಂದರು. ಒಂಬತ್ತು ಬಾಯಿಗೆ ಅದು ಎಲ್ಲಿಗೂ ಸಾಲುವಂತಿರಲಿಲ್ಲ. ಹಟ್ಟಿಯಲ್ಲಿ ದನಗಳು ಕೂಗುವುದನ್ನು ಕೇಳುತ್ತಾ ಭಟ್ಟರು ಜಗಲಿಯಲ್ಲಿ ಕೂತರು. ಗೌಡರ ಜತೆ ಮಾತಿಲ್ಲದೆ ಅವರಿಗೆ ಒಂದು ದಿನವೂ ಕಳೆದು ಗೊತ್ತಿರಲಿಲ್ಲ. ಎಲೆಯಡಿಕೆ ಹಾಕಿಕೊಂಡರೆ ಅರ್ಧ ಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

"ಸತ್ಯ ಬರೆದು ಹಾಕಿ" ಎಂದರು ವಸುಮತಿ. "ರ‍್ಯಾಂಚೂ ಇಲ್ಲ, ಕೆರೆಯೂ ಇಲ್ಲ, ಟರ್ಪಾಲು ಅಂತ."

ಭಟ್ಟರು ಬರೆದರು. ಇದ್ದಬದ್ದ ಎಲ್ಲ ಇಲಾಖೆಗಳಿಗೂ ಬರೆದರು. ಉತ್ತರ ಬಂತು: ಉಪಗ್ರಹ ಕಂಡ ಕೆರೆಯನ್ನು ಅರ್ಜಿದಾರರ ಮಾತಿನ ಮೇಲೆ ರದ್ದು ಮಾಡಲು ಬರುವುದಿಲ್ಲ. ಎಲ್ಲ ಇಲಾಖೆಗಳು ಒಟ್ಟಾಗಿ ಸ್ಥಳ ನೋಡಿ, ಕೆರೆ ಇಲ್ಲವೆಂದು ದೃಢಪಡಿಸಬೇಕು.

ಜಂಟಿ ತಪಾಸಣೆಯ ದಿನ ಬೊಳ್ಳಿಪದವು ಅಷ್ಟು ಬಿಳಿ ಜೀಪುಗಳನ್ನು ಮೊದಲ ಸಲ ಕಂಡಿತು. ಕಂದಾಯದವರು, ಪಂಚಾಯತಿಯವರು, ಮೀನಿನವರು, ನೀರಾವರಿಯವರು, ಅರಣ್ಯದವರು, ಪಶುಸಂಗೋಪನೆಯವರು. ಕೊನೆಯ ಜೀಪಿನಲ್ಲಿ ವ್ಯೋಮನೇತ್ರದ ನಿಶ್ಮಿತಾ. ಒಬ್ಬರ ಜೀಪಿನಲ್ಲಿ ಇನ್ನೊಬ್ಬರು ಬರುವ ಕ್ರಮ ಸರಕಾರದಲ್ಲಿ ಇಲ್ಲ. ಜೀಪು ಗುಡ್ಡೆಗೆ ಹತ್ತಲು ಇದ್ದದ್ದು ಗೌಡರ ಅಂಗಳದ ದಾರಿಯೊಂದೇ. ಸರಕಾರಕ್ಕೆ ಬೇಲಿ ಹಾಕುವಷ್ಟು ಧೈರ್ಯ ಗೌಡರಿಗೂ ಇರಲಿಲ್ಲ. ಬಿದಿರು ಕಿತ್ತು ಬದಿಗಿಟ್ಟರು. ಏಳೂ ಜೀಪುಗಳು ಹತ್ತಿದವು. ಅವುಗಳ ಹಿಂದೆ, ಯಾರಿಗೂ ಹೇಳದೆ ಕೇಳದೆ, ಒಂಬತ್ತು ದನಗಳೂ ಹತ್ತಿದವು.

ಗುಡ್ಡೆಯ ಮೇಲೆ ನಿಯಾಝ್ ಪಾರ್ಕಿಂಗ್ ವಹಿಸಿಕೊಂಡ. ಮದುವೆ ಮನೆಯ ಅಭ್ಯಾಸ. ಒಂದು ಜೀಪಿಗೂ ಇನ್ನೊಂದಕ್ಕೂ ನಡುವೆ ಕೈ ತೂರದಷ್ಟು ಒತ್ತಾಗಿ, ಏಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ.

ಅಧಿಕಾರಿಗಳು ಕೆರೆಯ ನಡುವೆ ನಿಂತು ಕೆರೆ ಹುಡುಕಿದರು.

"ಆಳ ಎಷ್ಟು ಹಾಕುದು?" ಎಂದರು ನೀರಾವರಿಯವರು.

"ನಮ್ಮವರು ಬಿಟ್ಟ ಮೀನು ಎಲ್ಲಿ?" ಎಂದರು ಮೀನಿನವರು. ಗೌಡರು ದೂರದಲ್ಲಿದ್ದ ಒಂದು ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಸಾರ್, ಕೆರೆ ಇಲ್ಲ. ಇದ್ದದ್ದು ಈ ನಿಯಾಝನ ಟರ್ಪಾಲು" ಎಂದು ಭಟ್ಟರು ಕೈಮುಗಿದರು. "ನೀವೇ ನಿಂತಿದ್ದೀರಲ್ಲ ಅದರಲ್ಲಿ. ಕಾಲು ಒದ್ದೆಯಾಗಿದೆಯಾ ನೋಡಿ. ಅಷ್ಟು ಬರೆದುಕೊಡಿ, ಗೌಡರ ಮನೆ ಉಳೀತದೆ."

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಒಣಗಿತ್ತು. ಆದರೆ ಕಂದಾಯದ ಹಿರಿಯರು ತಲೆಯಾಡಿಸಿದರು. "ಇಲ್ಲದ ಕೆರೆಯನ್ನು ಇಲ್ಲ ಅಂತ ಬರೆದ್ರೆ, ಇದ್ದದ್ದನ್ನು ಯಾರು ಮುಚ್ಚಿದ್ದು ಅಂತ ಕೇಳ್ತಾರೆ. ಆಗ ಯಾರು ಉತ್ತರ ಕೊಡುದು?"

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಕೊನೆಗೆ, ಉಪಗ್ರಹ ಹೇಳಿದ್ದನ್ನು ಉಪಗ್ರಹವೇ ಅಲ್ಲವೆನ್ನಲಿ ಎಂದು ತೀರ್ಮಾನವಾಯಿತು.

ನಿಶ್ಮಿತಾ ಗಡಿಯಾರ ನೋಡಿದಳು. "ಇವತ್ತೇ ಅದರ ದಿವಸ ಸಾರ್. ಈಗ ಬರುವ ಹೊತ್ತು."

ಎಲ್ಲರೂ ಮೇಲೆ ನೋಡಿದರು. ಶೈಲೇಶ್ ಬಾಚಣಿಗೆ ತೆಗೆದು ತಲೆ ಬಾಚಿದರು. ನೀರಾವರಿಯವರು ಹೊಟ್ಟೆ ಒಳಗೆಳೆದು ನಿಂತರು. ಕಂದಾಯದವರು, ಹಿರಿಯರಾದ್ದರಿಂದ, ಒಂದು ಹೆಜ್ಜೆ ಮುಂದೆ ಬಂದು ನಿಂತರು. ಆಕಾಶ ತಿಳಿಯಾಗಿತ್ತು. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಅವರ ಕಾಲ ಬುಡದಲ್ಲಿ ಒಂಬತ್ತು ದನಗಳು ಮಾತ್ರ ತಲೆ ಎತ್ತದೆ ಹುಲ್ಲು ಕಿತ್ತು ತಿನ್ನುವ ಸದ್ದು.

"ಹೋಯ್ತು" ಎಂದಳು ನಿಶ್ಮಿತಾ. ಎಲ್ಲರೂ ಉಸಿರು ಬಿಟ್ಟರು. ವಸುಮತಿ ಮಜ್ಜಿಗೆ ಕೊಟ್ಟರು. ಜೀಪುಗಳು ಇಳಿದವು. ಗೌಡರು ಬಿದಿರನ್ನು ಮತ್ತೆ ನೆಡಲು ಹೊರಟು, ಹುಲ್ಲು ತಿನ್ನುತ್ತಿದ್ದ ಕಪ್ಪಿಯ ಕಡೆ ನೋಡಿ, ಸಂಜೆವರೆಗೆ ಇರಲಿ ಎಂದು ಬಿಟ್ಟರು.

ವರದಿ ಹಿಡಿದು ಶೈಲೇಶ್ ಬಂದಾಗ ಭಟ್ಟರು, ವಸುಮತಿ ಮತ್ತು ಹಟ್ಟಿಯ ದನಗಳು ಒಟ್ಟಿಗೆ ತಲೆ ಎತ್ತಿದರು. ಜೀಪಿನ ಸದ್ದು ಕೇಳಿ ಗೌಡರೂ ಬಂದರು, ಆದರೆ ಅಂಗಳದ ಹೊರಗೇ ನಿಂತರು. ಶೈಲೇಶ್ ಜೀಪನ್ನು ಅಂಗಳದ ಮೇಲ್ಬದಿಯ ಹುಲ್ಲಿನಲ್ಲಿ ನಿಲ್ಲಿಸಿ, ಜಗಲಿಗೆ ಬಂದು ಕೂತು, ಬೆವರು ಒರೆಸಿ, ಓದತೊಡಗಿದರು.

"'ಕೆರೆ: ಇಲ್ಲ.'"

ಗೌಡರು ಅಂಗಳದ ಒಳಗೆ ಬಂದರು.

"'ಕಟ್ಟಡ: ಇಲ್ಲ. ಭೂಬಳಕೆ: ಹುಲ್ಲುಗಾವಲು.'"

"ಮತ್ತೆ? ಮತ್ತೆ?" ಎಂದರು ಭಟ್ಟರು.

"'ಜಾನುವಾರು: ಉಂಟು.'"

"ಕಂಡಿತಾ! ವಸೂ, ಕಂಡಿತಂತೆ ಅದಕ್ಕೆ! ಕಪ್ಪಿ ಕಂಡಿತಂತೆ!"

ಶೈಲೇಶ್ ಕೆಮ್ಮಿದರು. "'ತಳಿ: ಬಿಳಿ, ಭಾರೀ ಗಾತ್ರದ್ದು. ಸಂಖ್ಯೆ: ಏಳು. ಒಂದಕ್ಕೊಂದು ಒತ್ತಿಕೊಂಡು ಒಂದೇ ಸಾಲಿನಲ್ಲಿ ನಿಂತಿವೆ.'"

ವಸುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಅಡಿಗೆ ಕೋಣೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

"ಏಳು..." ಎಂದರು ಗೌಡರು ನಿಧಾನಕ್ಕೆ. "ಅದರಲ್ಲಿ ನಿಮ್ಮದು ಎಷ್ಟನೆಯದು ಸಾರ್?"

"ಎರಡನೆಯದು" ಎಂದರು ಶೈಲೇಶ್ ಸಣ್ಣ ದನಿಯಲ್ಲಿ.

"ಇದು ತಪ್ಪು ಅಂತ ಬರೆಯುದಾ ಸಾರ್?" ಎಂದು ಭಟ್ಟರು ಕೇಳಿದರು. ಸತ್ಯ ಬರೆಯುವ ಅಭ್ಯಾಸ ಅವರಿಗೆ ಹೊಸತಾಗಿ ಬಂದಿತ್ತು.

ಶೈಲೇಶ್ ಹೌಹಾರಿದರು. "ಬೇಡ ಮಾರಾಯ್ರೆ! ತಪ್ಪು ಅಂತ ಬರೆದ್ರೆ ಪುನಃ ಜಂಟಿ ತಪಾಸಣೆ. ಹುಲ್ಲುಗಾವಲು ಅಂತ ಆಯ್ತಲ್ಲ, ದನ ಉಂಟು ಅಂತ ಆಯ್ತಲ್ಲ. ಕೆರೆ ಇಲ್ಲ, ಗೌಡರ ಮನೆಗೆ ಎಂತದೂ ಆಗುದಿಲ್ಲ. ಕಸದ ಘಟಕಕ್ಕೆ ಬೇರೆ ಜಾಗ ನೋಡ್ತೇನೆ. ಎಲ್ಲರೂ ಸುಮ್ಮನಿರುವ." ಅಲ್ಲೇ ಮೊಣಕಾಲ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

ಗೌಡರು ಜಗಲಿ ಹತ್ತಿ ಭಟ್ಟರ ಪಕ್ಕ ಕೂತರು. ಆಮೇಲೆ ಗೌಡರು ಕೈ ಚಾಚಿದರು. ಭಟ್ಟರು ಎಲೆ ಹರಿದು ಅರ್ಧ ಕೊಟ್ಟರು.

"ಕೆರೆ ಇಲ್ಲ ಅಂತಾದ್ರೆ ಸಾರ್," ಎಂದರು ಗೌಡರು ಸುಣ್ಣ ಹಚ್ಚುತ್ತಾ, "ಆ ಮೀನು ವಾಪಸು ಕೊಡ್ಬೇಕಾ?"

"ಯಾವ ಮೀನು?" ಎಂದರು ಶೈಲೇಶ್. ಗೌಡರಿಗೆ ಆ ಮನುಷ್ಯನ ಮೇಲೆ ಆ ಕ್ಷಣದಿಂದ ಗೌರವ ಹುಟ್ಟಿತು.

"ಕೆಳಗೆ ಇನ್ನೂ ಎಂತದೋ ಬರೆದುಂಟಲ್ಲ" ಎಂದು ವಸುಮತಿ ಕಾಫಿ ತಂದಿಟ್ಟು ಕಾಗದ ಎತ್ತಿಕೊಂಡರು. ಅದು ಮೇಯಿಸುವವರಿಗೆ ಉಪಗ್ರಹ ಕೊಡುವ ಸಲಹೆ. ಇಷ್ಟು ದಿನ ದನವೇ ಇಲ್ಲದ್ದರಿಂದ ಆ ಜಾಗ ಖಾಲಿ ಬರುತ್ತಿತ್ತು. ವಸುಮತಿ ಗಟ್ಟಿಯಾಗಿ ಓದಿದರು:

"'ಈ ತಳಿ ಹೆಚ್ಚು ಹೊತ್ತು ಒಂದೇ ಕಡೆ ನಿಲ್ಲುವುದರಿಂದ ಹುಲ್ಲಿಗೆ ಹಾನಿಯಾಗಿದೆ. ಹಿಂಡನ್ನು ಕೂಡಲೇ ಅಲ್ಲಿಂದ ಅಟ್ಟಿ. ಒಂದು ವರ್ಷ ಆ ಕಡೆಗೆ ಬಿಡಬೇಡಿ.'"

ನಾಲ್ವರೂ ಮೆಲ್ಲಗೆ ತಿರುಗಿ ಅಂಗಳದ ಮೇಲ್ಬದಿಗೆ ನೋಡಿದರು. ಹುಲ್ಲಿನ ನಡುವೆ ಪಂಚಾಯತಿಯ ಬಿಳಿ ಜೀಪು ನಿಂತಿತ್ತು.

ಶೈಲೇಶ್ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಚಪ್ಪಲಿ ಹಾಕಿಕೊಂಡು, ಹೋಗಿ ಜೀಪು ಸ್ಟಾರ್ಟ್ ಮಾಡಿದರು. ತಿರುಗಿಸಲು ಜಾಗ ಕಡಿಮೆಯಿತ್ತು. ಭಟ್ಟರು ಸಹಾಯಕ್ಕೆಂದು ಹಿಂದೆ ಹೋಗಿ ನಿಂತು, ಜೀಪಿನ ಬೆನ್ನ ಮೇಲೆ ಎರಡು ಸಲ ತಟ್ಟಿ, ತಮಗೇ ಗೊತ್ತಿಲ್ಲದೆ, "ಹೋಯ್... ಹೋಯ್... ನಡಿ ನಡಿ" ಎಂದರು. ಜೀಪು ತಲೆ ತಗ್ಗಿಸಿಕೊಂಡು ಗುಡ್ಡೆ ಇಳಿಯಿತು.